ಅಮ್ಮನ ಜೊತೆ ಬ್ಯಾಂಕಾಕ್, ನಾಲ್ಕೇ ದಿನ. ಪಟ್ಟಿಯಲ್ಲಿ ಯಾವುದನ್ನು ಬಿಡಲಿ?

ಕೊಪ್ಪದ ಮಗಳು:

ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಮುಗಿದ ಮೇಲೆ ಅಮ್ಮನನ್ನು ಬ್ಯಾಂಕಾಕ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಮ್ಮನಿಗೆ 67 ವರ್ಷ. ವಿಮಾನ ಹತ್ತುವುದು ಇದೇ ಮೊದಲ ಸಲ. ಅಪ್ಪ ಇದ್ದಾಗ ಇಬ್ಬರೂ ರೈಲಿನಲ್ಲಿ ಕಾಶಿಗೆ ಹೋಗಿ ಬಂದಿದ್ದರು, ಅಷ್ಟೇ. ಗುರುವಾರ ಬೆಳಗಿನ ಜಾವ ಇಳಿಯುತ್ತೇವೆ, ಭಾನುವಾರ ರಾತ್ರಿ ವಾಪಸ್.

ಅಮ್ಮನಿಗೆ ಬಲ ಮಂಡಿ ನೋವು. ಸಮತಟ್ಟು ಜಾಗದಲ್ಲಿ ನಿಧಾನಕ್ಕೆ ನಡೆಯುತ್ತಾರೆ. ಮೆಟ್ಟಿಲು ಜಾಸ್ತಿ ಇದ್ದರೆ ಕಷ್ಟ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೊಸರನ್ನ ಇಲ್ಲದೆ ಊಟ ಮುಗಿದ ಹಾಗೆ ಅನಿಸುವುದಿಲ್ಲ ಅವರಿಗೆ. ಇನ್ನೊಂದು ವಿಷಯ, ಅಮ್ಮನಿಗೆ ರಾಮಾಯಣ ಅಂದರೆ ಪ್ರಾಣ. ಚಿಕ್ಕಂದಿನಿಂದ ಯಕ್ಷಗಾನ ಮೇಳದ ಆಟ ನೋಡುತ್ತಾ ಬೆಳೆದವರು.

ನನ್ನ ಪಟ್ಟಿ ಹೀಗಿದೆ: ಗ್ರ್ಯಾಂಡ್ ಪ್ಯಾಲೇಸ್ ಅರಮನೆ, ವಾಟ್ ಪೋ, ವಾಟ್ ಅರುಣ್ (ವಾಟ್ ಅಂದರೆ ದೇವಸ್ಥಾನ), ಬಂಗಾರದ ಬುದ್ಧ, ತೇಲುವ ಮಾರುಕಟ್ಟೆ, ಅಯುತ್ಥಯ, ಪಟ್ಟಾಯ ಒಂದು ದಿನ, ಪ್ರಾಣಿಗಳ ಸಫಾರಿ, ಚಟುಚಕ್ ಸಂತೆ, ಪ್ರತೂನಾಮ್‌ನಲ್ಲಿ ಬಟ್ಟೆ, ಚೈನಾಟೌನ್, ನದಿಯಲ್ಲಿ ರಾತ್ರಿ ಊಟದ ಕ್ರೂಸ್. ಬೇಗ ಬೇಗ ನೋಡಿದರೆ ಆಗುತ್ತಾ? ಎಲ್ಲಿ ಉಳಿದುಕೊಳ್ಳುವುದು ಒಳ್ಳೆಯದು?

ಸಿಲೋಮ್ ಕನ್ನಡಿಗ:

ನಾನು ಒಂಬತ್ತು ವರ್ಷದಿಂದ ಇಲ್ಲೇ ಇದ್ದೇನೆ. ನನ್ನ ತಂದೆ ತಾಯಿ ಮೂರು ಸಲ ಬಂದು ಹೋಗಿದ್ದಾರೆ. ಅದಕ್ಕೇ ನೇರವಾಗಿ ಹೇಳುತ್ತೇನೆ. ಈ ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಡಿ.

ಪಟ್ಟಾಯ ಬೇಡ. ಹೋಗಲು ಎರಡು ಗಂಟೆ, ಬರಲು ಇನ್ನೂ ಜಾಸ್ತಿ. ದಾಮ್ನೂನ್ ಸದುವಾಕ್ ತೇಲುವ ಮಾರುಕಟ್ಟೆ ನಗರದಿಂದ ಸುಮಾರು 100 ಕಿಲೋಮೀಟರ್ ದೂರ. ಕಿರಿದಾದ ದೋಣಿಗೆ ಇಳಿದು ಹತ್ತುವಾಗ ಮಂಡಿ ಪೂರ್ತಿ ಮಡಚಬೇಕು. ಅದೂ ಬೇಡ. ಸಫಾರಿ ಮಕ್ಕಳಿದ್ದರೆ ಸರಿ.

ಇಲ್ಲಿ ದಿನ ಅಂದರೆ ಎರಡು ತುಂಡು ಅಂತ ಲೆಕ್ಕ ಹಾಕಿ. ಬೆಳಗ್ಗೆ 8ರಿಂದ 11 ಒಂದು. ಸಂಜೆ 4:30ರ ನಂತರ ಇನ್ನೊಂದು. ನಡುವೆ ರೂಮಿಗೆ ಬಂದು ಮಲಗಬೇಕು. ಜನವರಿಯಲ್ಲೂ ಮಧ್ಯಾಹ್ನ ಬಿಸಿಲು 32 ಡಿಗ್ರಿ ಮುಟ್ಟುತ್ತದೆ. ಒಂದು ತುಂಡಿಗೆ ಒಂದೇ ಜಾಗ. ಹೀಗೆ ಮಾಡಿದರೆ ನಾಲ್ಕು ದಿನಕ್ಕೆ ಆರೇಳು ಜಾಗ ಸಿಗುತ್ತವೆ. ಅಷ್ಟು ಸಾಕು.

ಉಳಿದುಕೊಳ್ಳಲು ಸಿಲೋಮ್ ಅಥವಾ ಸಾಥೋನ್ ಕಡೆ ನೋಡಿ. ಸಫಾನ್ ತಾಕ್ಸಿನ್ ಅನ್ನುವ ಸ್ಕೈಟ್ರೇನ್ ಸ್ಟೇಷನ್ ಪಕ್ಕದಲ್ಲೇ ಸಾಥೋನ್ ಬೋಟ್ ಕಟ್ಟೆ ಇದೆ. ಅಲ್ಲಿಂದ ನದಿಯ ಮೇಲೆ ಅರಮನೆಯ ತನಕ ಹೋಗಬಹುದು. ಟ್ರಾಫಿಕ್ ಅನ್ನುವ ಮಾತೇ ಇಲ್ಲ. ಸಿಲೋಮ್ ರಸ್ತೆಯಲ್ಲೇ ಶ್ರೀ ಮಹಾಮಾರಿಯಮ್ಮನ ದೇವಸ್ಥಾನ ಇದೆ, 19ನೇ ಶತಮಾನದಲ್ಲಿ ಇಲ್ಲಿಗೆ ಬಂದ ತಮಿಳರು ಕಟ್ಟಿದ್ದು. ಆಸುಪಾಸಿನಲ್ಲಿ ದಕ್ಷಿಣದ ಊಟ ಸಿಗುತ್ತದೆ. ಅಮ್ಮನವರ ಮೊಸರನ್ನಕ್ಕೆ ತೊಂದರೆ ಆಗುವುದಿಲ್ಲ.

ಬಾಗಲಕೋಟೆ ಬ್ಯಾಗು:

ಸಿಲೋಮ್ ಒಪ್ಪುತ್ತೇನೆ. ಆದರೂ ಶಾಪಿಂಗ್ ಮುಖ್ಯ ಆದರೆ ಪ್ರತೂನಾಮ್ ಚೆನ್ನಾಗಿದೆ. ಪ್ಲಾಟಿನಂ ಅನ್ನುವ ಬಟ್ಟೆಯ ಮಾಲ್‌ಗೆ ನಡೆದೇ ಹೋಗಬಹುದು, ಭಾರತದ ಊಟವೂ ಸಿಗುತ್ತದೆ. ನಾವು ಆರು ಜನ ಹೆಂಗಸರು ಅಲ್ಲೇ ಇದ್ದೆವು. ಆದರೆ ಅಲ್ಲಿಂದ ಅರಮನೆಗೆ ಟ್ಯಾಕ್ಸಿಯಲ್ಲಿ ಒಂದೂವರೆ ಗಂಟೆ ಹಿಡಿಯಿತು, ಅದನ್ನೂ ಹೇಳಲೇಬೇಕು.

ಕೊಪ್ಪದ ಮಗಳು:

ಪಟ್ಟಾಯ, ಸಫಾರಿ, ತೇಲುವ ಮಾರುಕಟ್ಟೆ ತೆಗೆದೆ. ಬಟ್ಟೆ ಅಂಗಡಿ ಅಮ್ಮನಿಗೆ ಬೇಕಿಲ್ಲ. ಸಿಲೋಮ್ ನೋಡುತ್ತೇನೆ ಸರ್, ತುಂಬಾ ಥ್ಯಾಂಕ್ಸ್. ಅಯುತ್ಥಯ ಮಾತ್ರ ಬಿಡಲು ಮನಸ್ಸಿಲ್ಲ. ಹೆಸರೇ ಅಯೋಧ್ಯೆ ಅಲ್ವಾ?

ಹಾಸನದ ಮೇಷ್ಟ್ರು:

ಹೌದಮ್ಮ, ಅಯೋಧ್ಯೆಯೇ. 14ನೇ ಶತಮಾನದ ನಡುವಿನಲ್ಲಿ ಕಟ್ಟಿದ ರಾಜಧಾನಿ. 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಳು ಮಾಡಿತು. ಅದಾದ ಮೇಲೆ ರಾಜಧಾನಿ ನದಿ ಹರಿಯುವ ದಿಕ್ಕಿನಲ್ಲೇ ಕೆಳಕ್ಕೆ ಬಂತು. ಒಂದನೇ ರಾಮ ಅನ್ನುವ ರಾಜ 1782ರಲ್ಲಿ ಈಗಿನ ಬ್ಯಾಂಕಾಕನ್ನು ರಾಜಧಾನಿ ಮಾಡಿ ಅರಮನೆ ಕಟ್ಟಲು ಶುರು ಮಾಡಿದ. ಆ ವಂಶದ ರಾಜರನ್ನೆಲ್ಲ ಇವತ್ತಿಗೂ ರಾಮ ಅಂತಲೇ ಎಣಿಸುತ್ತಾರೆ. ಈಗಿನವರು ಹತ್ತನೇ ರಾಮ.

ನಿಮ್ಮ ತಾಯಿಯವರಿಗೆ ಈ ಊರಿನ ಪೂರ್ತಿ ಹೆಸರು ಓದಿ ಹೇಳಿ. ಬ್ಯಾಂಕಾಕ್ ಅಂತ ಅಲ್ಲಿಯವರು ಕರೆಯುವುದಿಲ್ಲ, ಕ್ರುಂಗ್ ತೇಪ್ ಅನ್ನುತ್ತಾರೆ. ದೇವತೆಗಳ ನಗರ ಅಂತ ಅರ್ಥ. ಪೂರ್ತಿ ಹೆಸರು ತುಂಬಾ ಉದ್ದ, ಜಗತ್ತಿನಲ್ಲೇ ಅತಿ ಉದ್ದದ ಊರ ಹೆಸರು ಅಂತ ಗಿನ್ನೆಸ್ ದಾಖಲೆ. ಅಮರ, ರತ್ನ, ಮಹೇಂದ್ರ, ಅಯೋಧ್ಯೆ, ನವರತ್ನ, ರಾಜಧಾನಿ, ಮಹಾಸ್ಥಾನ, ವಿಮಾನ, ಅವತಾರ ಎಲ್ಲ ಅದರೊಳಗಿದೆ. ಕೊನೆಗೆ ಬರುವ ಸಕ್ಕತತ್ತಿಯ ವಿತ್ಸನುಕಮ್ ಅಂದರೆ ಶಕ್ರ, ಅಂದರೆ ಇಂದ್ರ, ಕೊಟ್ಟದ್ದು, ವಿಶ್ವಕರ್ಮ ಕಟ್ಟಿದ್ದು. ಥಾಯ್ ಉಚ್ಚಾರ ಬೇರೆ ಇರಬಹುದು, ಬರೆದದ್ದನ್ನು ನಾವು ಓದಿದರೆ ಮುಕ್ಕಾಲು ಪಾಲು ತಿಳಿಯುತ್ತದೆ.

ಅಯುತ್ಥಯ ಸುಮಾರು 80 ಕಿಲೋಮೀಟರ್. ರೈಲಿನಲ್ಲಿ ಒಂದೂವರೆ ಎರಡು ಗಂಟೆ. ಮರದ ಬೇರುಗಳ ನಡುವೆ ಬುದ್ಧನ ತಲೆ ಸಿಕ್ಕಿಕೊಂಡಿರುವ ವಾಟ್ ಮಹಾಥಾತ್ ಅಲ್ಲೇ ಇರುವುದು. ನಾನು ಹೋಗಿ ಎಂದೇ ಹೇಳುತ್ತೇನೆ. ಆ ಇಟ್ಟಿಗೆ ಗೋಡೆಗಳ ಮುಂದೆ ನಿಂತಾಗ ನನಗೆ ಹಂಪಿ ನೆನಪಾಯಿತು.

ನಿಧಾನ ಪಯಣ:

ಮೇಷ್ಟ್ರೇ, ಕ್ಷಮಿಸಿ, ಇಲ್ಲಿ ನಾನು ಒಪ್ಪುವುದಿಲ್ಲ. ಅಯುತ್ಥಯದಲ್ಲಿ ಒಂದು ಗುಡಿಯಿಂದ ಇನ್ನೊಂದಕ್ಕೆ ದೂರ. ನೆರಳು ಕಡಿಮೆ. ಇಟ್ಟಿಗೆ ನೆಲ ಏರುಪೇರು. ನಮ್ಮ ಅತ್ತೆಯವರು ಎರಡನೇ ಗುಡಿಗೇ ಕೂತುಬಿಟ್ಟರು. ಉಳಿದ ದಿನವೆಲ್ಲ ನಮಗೆ ಅವರನ್ನು ಕರೆದುಕೊಂಡು ಬಂದಿದ್ದೇ ತಪ್ಪಾಯಿತೇನೋ ಅನ್ನುವ ಸಂಕಟ. ಅವರಿಗೆ ನಮ್ಮ ಖುಷಿ ಹಾಳು ಮಾಡಿದೆನಲ್ಲ ಅನ್ನುವ ಸಂಕಟ.

ಅಮ್ಮನಿಗೆ ಅಯೋಧ್ಯೆ ಬೇಕು ಅಂದರೆ ಅದು ಬ್ಯಾಂಕಾಕ್ ಅರಮನೆಯಲ್ಲೇ ಇದೆ. ಅದರ ಬಗ್ಗೆ ಕರಾವಳಿಯವರು ಬರೆಯಲಿ ಅಂತ ಕಾಯುತ್ತಿದ್ದೇನೆ.

ಕರಾವಳಿ ಚಂಡೆ:

ಬಂದೆ. ಈ ಒಂದು ವಿಷಯಕ್ಕೆ ನಾನು ಎಷ್ಟು ಬರೆದರೂ ಸಾಲದು.

ಅರಮನೆಯ ಆವರಣದಲ್ಲೇ ಪಚ್ಚೆ ಬುದ್ಧನ ದೇವಸ್ಥಾನ ಇದೆ, ವಾಟ್ ಫ್ರಾ ಕೇವ್. ಆ ದೇವಸ್ಥಾನದ ಸುತ್ತ ನಮ್ಮ ದೊಡ್ಡ ದೇವಸ್ಥಾನಗಳ ಪೌಳಿಯ ಹಾಗೆ ಒಂದು ಮೊಗಸಾಲೆ ಇದೆ. ಅದರ ಒಳಗೋಡೆಯ ಉದ್ದಕ್ಕೂ ರಾಮಾಯಣ ಬರೆದಿದ್ದಾರೆ. ಅಲ್ಲಿಯ ಹೆಸರು ರಾಮಕಿಯೆನ್. ಒಟ್ಟು 178 ಚಿತ್ರ. ಒಂದನೇ ರಾಮನ ಕಾಲದಲ್ಲಿ ಮೊದಲು ಬರೆದದ್ದು, ಆಮೇಲೆ ಹಲವು ಸಲ ಹೊಸದಾಗಿ ಬರೆದಿದ್ದಾರೆ. ಬಹಳಷ್ಟು ಜನ ಬುದ್ಧನನ್ನು ನೋಡಿ, ಫೋಟೋ ತೆಗೆದು, ಈ ಗೋಡೆಯನ್ನು ಹಾಗೇ ದಾಟಿ ಹೋಗುತ್ತಾರೆ. ನನಗೆ ಅದು ಬಹಳ ಬೇಜಾರು.

ಕಥೆ ನಮ್ಮದೇ, ಹೆಸರು ಸ್ವಲ್ಪ ಬೇರೆ. ಫ್ರಾ ರಾಮ್, ಫ್ರಾ ಲಕ್, ನಾಂಗ್ ಸೀದಾ. ರಾವಣ ಅಲ್ಲಿ ತೋತ್ಸಕನ್, ಅಂದರೆ ದಶಕಂಠ. ಮೈಬಣ್ಣ ಹಸಿರು. ಹನುಮಂತ ಬಿಳಿ. ಅಲ್ಲಿ ಅವನು ಬ್ರಹ್ಮಚಾರಿ ಅಲ್ಲ. ಸೇತುವೆ ಕಟ್ಟುವಾಗ ಕಲ್ಲು ಕದಿಯಲು ಬಂದ ಸುವನ್ನಮಚ್ಛಾ, ಅಂದರೆ ಸುವರ್ಣಮತ್ಸ್ಯಾ, ರಾವಣನ ಮಗಳು. ಅವಳಿಗೂ ಹನುಮಂತನಿಗೂ ಮಗ ಹುಟ್ಟುತ್ತಾನೆ. ಇದನ್ನು ಅಮ್ಮನಿಗೆ ಮುಂಚೆಯೇ ಹೇಳಿರಿ. ಇಲ್ಲದಿದ್ದರೆ ಅಲ್ಲಿ ನಿಂತು ಬೇಸರ ಮಾಡಿಕೊಂಡಾರು.

ಇನ್ನೂ ಒಂದಿದೆ. ರಾಮನನ್ನು ಪಾತಾಳಕ್ಕೆ ಕದ್ದೊಯ್ಯುವ ಮೈರಾವಣನ ಕಥೆ ನಮ್ಮ ಕಡೆ ಆಟ ನೋಡಿದವರಿಗೆಲ್ಲ ಗೊತ್ತು. ವಾಲ್ಮೀಕಿಯಲ್ಲಿ ಅದು ಇಲ್ಲ. ಆದರೆ ಆ ಗೋಡೆಯ ಮೇಲೆ ಇದೆ! ಅಲ್ಲಿಯ ಹೆಸರು ಮೈಯರಾಪ್. ರಾಮನನ್ನು ಕಾಯಲು ಹನುಮಂತ ಬೆಟ್ಟದಷ್ಟು ಬೆಳೆದು, ರಾಮ ಮಲಗಿದ ಮಂಟಪವನ್ನೇ ಬಾಯಲ್ಲಿ ಇಟ್ಟುಕೊಂಡು ಕೂತಿರುತ್ತಾನೆ. ನಾನು ಆ ಚಿತ್ರದ ಮುಂದೆ ಅರ್ಧ ಗಂಟೆ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ಉಡುಪಿಯ ಬಯಲಿನಲ್ಲಿ ರಾತ್ರಿ ನಿದ್ದೆಗೆಟ್ಟು ನೋಡಿದ ಕಥೆ, ಸಮುದ್ರದಾಚೆ ಒಂದು ಗೋಡೆಯ ಮೇಲೆ ನನ್ನನ್ನು ಕಾಯುತ್ತಿತ್ತು.

ಬಾಗಿಲು ಕಾಯುವ ಎತ್ತರದ ರಾಕ್ಷಸ ವಿಗ್ರಹಗಳನ್ನು ಅಲ್ಲಿ ಯಕ್ ಅನ್ನುತ್ತಾರೆ. ನಮ್ಮ ಯಕ್ಷ. ಕಿರೀಟ, ಕೋರೆಹಲ್ಲು, ಎದೆಯ ಮೇಲಿನ ಆಭರಣ ನೋಡಿ. ನಮ್ಮ ಬಣ್ಣದ ವೇಷ ನೆನಪಾಗದೆ ಇರುವುದಿಲ್ಲ.

ಮೊಗಸಾಲೆಗೆ ಮಾಡು ಇದೆ, ನೆರಳಿನಲ್ಲೇ ನಡೆಯಬಹುದು. ನೆಲ ಸಮ. ಮಂಡಿ ನೋವಿನವರಿಗೆ ಆ ಆವರಣದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಕೊಪ್ಪದ ಮಗಳು:

ಇದನ್ನು ಅಮ್ಮನಿಗೆ ಓದಿ ಹೇಳಿದೆ. ಮೈರಾವಣ ಅಂದ ಕೂಡಲೇ ಕೈಯಲ್ಲಿದ್ದ ಹೂವಿನ ದಾರ ಕೆಳಗಿಟ್ಟರು. "ಅಲ್ಲಿಗೂ ಹೋಗಿದಾನಾ ಅವನು?" ಅಂದರು. ಅಯುತ್ಥಯ ತೆಗೆದುಬಿಟ್ಟೆ. ಶುಕ್ರವಾರ ಬೆಳಗ್ಗೆ ಪೂರ್ತಿ ಆ ಗೋಡೆಗೆ.

ಈಗ ವೀಸಾ, ದುಡ್ಡು, ಊಟ. ಇವು ಮೂರು ಹೇಳಿ.

ಬಾಗಲಕೋಟೆ ಬ್ಯಾಗು:

ವೀಸಾ: ನಮ್ಮ ಪಾಸ್‌ಪೋರ್ಟ್ ಇದ್ದವರಿಗೆ 2023ರ ನವೆಂಬರ್‌ನಲ್ಲಿ ವೀಸಾ ಬೇಡ ಅಂತ ಮಾಡಿದರು, 2024ರ ಜುಲೈಯಲ್ಲಿ 60 ದಿನಕ್ಕೆ ಏರಿಸಿದರು. ಇಂಥ ನಿಯಮ ಬದಲಾಗುತ್ತಿರುತ್ತದೆ. ಟಿಕೆಟ್ ಮಾಡುವ ಮುಂಚೆ ಥಾಯ್ ರಾಯಭಾರ ಕಚೇರಿಯ ಸೈಟ್ ನೋಡಿಬಿಡಿ.

ಮರೆಯಬಾರದ್ದು ಡಿಜಿಟಲ್ ಅರೈವಲ್ ಕಾರ್ಡ್. 2025ರ ಮೇ 1ರಿಂದ ಕಡ್ಡಾಯ. ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಅವರ ಇಮಿಗ್ರೇಷನ್ ಸೈಟ್‌ನಲ್ಲಿ ತುಂಬಬೇಕು. ಇಬ್ಬರಿಗೂ ಬೇರೆ ಬೇರೆ. ಅದು ಉಚಿತ. ದುಡ್ಡು ಕೇಳುವ ಸೈಟ್ ಬಂದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಎರಡನ್ನೂ ಪ್ರಿಂಟ್ ತೆಗೆದು ಕೈಯಲ್ಲಿ ಇಟ್ಟುಕೊಳ್ಳಿ.

ದುಡ್ಡು: ಒಂದು ಬಾತ್ ಅಂದರೆ ಸುಮಾರು ಎರಡೂವರೆಯಿಂದ ಮೂರು ರೂಪಾಯಿ ಅಂತ ಮನಸ್ಸಿನಲ್ಲಿಟ್ಟುಕೊಳ್ಳಿ. ಎಟಿಎಂನಲ್ಲಿ ಹೊರದೇಶದ ಕಾರ್ಡ್ ಹಾಕಿದರೆ ಪ್ರತಿ ಸಲಕ್ಕೂ 220 ಬಾತ್ ಅಥವಾ ಇನ್ನೂ ಜಾಸ್ತಿ ಶುಲ್ಕ ಹಿಡಿಯುತ್ತಾರೆ. ಹಾಗಾಗಿ ಸ್ವಲ್ಪ ಸ್ವಲ್ಪ ತೆಗೆಯಬೇಡಿ. ಬೀದಿ ಅಂಗಡಿ, ಬೋಟ್, ದೇವಸ್ಥಾನ ಎಲ್ಲಕ್ಕೂ ನೋಟು ಬೇಕು. 20ರ ನೋಟು ಜಾಸ್ತಿ ಇರಲಿ.

ದಾವಣಗೆರೆ ಅಕ್ಕ:

ಊಟದ ಬಗ್ಗೆ ನಾನು ಹೇಳುತ್ತೇನೆ. ನಾವೂ ಮೊಟ್ಟೆ ತಿನ್ನದವರು.

ಕಲಿಯಬೇಕಾದ ಪದ ಒಂದೇ, ಜೇ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇರುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಚೈನಾಟೌನ್ ಕಡೆ ಇಂಥ ಅಂಗಡಿ ಸಿಗುತ್ತವೆ. ಮಂಗ್‌ಸವಿರತ್ ಅಂತ ಇನ್ನೊಂದು ಪದ ಇದೆ. ಬಿಡಿಸಿ ನೋಡಿ, ಮಾಂಸ ವಿರತಿ! ಆದರೆ ಅದರಲ್ಲಿ ಮೊಟ್ಟೆ ಬರಬಹುದು. ಹಾಗಾಗಿ ಅಮ್ಮನಿಗೆ ಜೇ ಎಂದೇ ಕೇಳಿ.

ಮೋಸ ಆಗುವುದು ಮೀನಿನ ಸಾರದಲ್ಲಿ, ನಾಮ್ ಪ್ಲಾ ಅಂತ. ಬರೀ ತರಕಾರಿ ಎಂದು ಕೊಟ್ಟ ಪಲ್ಯದಲ್ಲೂ ಅದನ್ನು ಹಾಕಿರುತ್ತಾರೆ. ನಮ್ಮಲ್ಲಿ ಉಪ್ಪು ಹೇಗೋ ಅವರಿಗೆ ಅದು ಹಾಗೆ. ಕೆಟ್ಟ ಮನಸ್ಸಿನಿಂದ ಅಲ್ಲ. "ಮೈ ಸಾಯ್ ನಾಮ್ ಪ್ಲಾ" ಅಂದರೆ ಮೀನಿನ ಸಾರ ಹಾಕಬೇಡಿ. "ಮೈ ಸಾಯ್ ಖಾಯ್" ಅಂದರೆ ಮೊಟ್ಟೆ ಬೇಡ. ಇದನ್ನು ಥಾಯ್ ಲಿಪಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಪಪ್ಪಾಯ ಕೋಸಂಬರಿ ಸೋಮ್ ತಾಮ್‌ಗೆ ಒಣ ಸೀಗಡಿ ಹಾಕುತ್ತಾರೆ, ಹುಷಾರು.

ಧೈರ್ಯವಾಗಿ ತಿನ್ನಬಹುದಾದದ್ದು: ಮಾವಿನ ಹಣ್ಣಿನ ಜೊತೆ ಅಂಟು ಅನ್ನ, ತೆಂಗಿನ ಹಾಲು ಹಾಕಿದ್ದು. ಚಕ್ಕೋತ ಬಿಡಿಸಿ ಡಬ್ಬಿಯಲ್ಲಿಟ್ಟು ಮಾರುತ್ತಾರೆ, ನಮ್ಮ ದೇವನಹಳ್ಳಿ ಚಕ್ಕೋತದ ಬಳಗವೇ. ಎಳನೀರು. ಸುಟ್ಟ ಬಾಳೆಹಣ್ಣು. ಇಷ್ಟರ ಮೇಲೆ ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಇರಲಿ. ರಾತ್ರಿ ಹನ್ನೊಂದಕ್ಕೆ ಹಸಿವಾದರೆ ಊರು ಸುತ್ತಬೇಕಾಗಿಲ್ಲ.

ನಿಧಾನ ಪಯಣ:

ಮಾತ್ರೆ ಬಗ್ಗೆ ಒಂದು ಮಾತು. ನೋವಿನ ಮಾತ್ರೆ, ನಿದ್ದೆ ಮಾತ್ರೆಗಳಲ್ಲಿ ಕೆಲವಕ್ಕೆ ಅಲ್ಲಿ ನಿರ್ಬಂಧ ಇದೆ. ಡಾಕ್ಟರ ಚೀಟಿ ಜೊತೆಗಿರಲಿ. ಮಾತ್ರೆ ಸ್ಟ್ರಿಪ್‌ನಲ್ಲೇ ಇರಲಿ, ಬಿಡಿ ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಜನವರಿಯಲ್ಲಿ ಹೊಗೆಯ ಮಬ್ಬು ಇರುವ ದಿನಗಳೂ ಇರುತ್ತವೆ. ಅಮ್ಮನಿಗೆ ಉಬ್ಬಸ ಇದ್ದರೆ ಒಳ್ಳೆಯ ಮಾಸ್ಕ್ ತೆಗೆದುಕೊಳ್ಳಿ. ಇ-ಸಿಗರೇಟ್ ಅಲ್ಲಿ ಕಾನೂನು ಪ್ರಕಾರ ಅಪರಾಧ. ಓದುತ್ತಿರುವ ಬೇರೆಯವರಿಗಾಗಿ ಹೇಳಿದೆ.

ತಿಪಟೂರು ತೆಂಗು:

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ಬೇರೆ ಯಾರಿಗೂ ಆಗದಿರಲಿ ಅಂತ. ಅಪ್ಪನ ಜೊತೆ ಅರಮನೆಯ ಗೋಡೆ ಪಕ್ಕ ನಡೆಯುತ್ತಿದ್ದೆ. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡ ಒಬ್ಬರು ಬಂದರು. ಇವತ್ತು ಪೂಜೆ ಇದೆ, ಅರಮನೆ ಒಂದು ಗಂಟೆ ತನಕ ಮುಚ್ಚಿದೆ ಅಂದರು. ಬಹಳ ಮರ್ಯಾದೆಯಿಂದ ಮಾತಾಡಿದರು. ಅಷ್ಟರೊಳಗೆ 20 ಬಾತ್‌ಗೆ ಮೂರು ದೇವಸ್ಥಾನ ತೋರಿಸಲಿ ಅಂತ ತುಕ್‌ತುಕ್ ನಿಲ್ಲಿಸಿಕೊಟ್ಟರು. ಒಂದು ದೇವಸ್ಥಾನ ನೋಡಿದೆವು. ಆಮೇಲೆ ಹರಳಿನ ಅಂಗಡಿ, ಅಲ್ಲಿಂದ ಬಟ್ಟೆ ಹೊಲಿಯುವ ಅಂಗಡಿ. ಅಪ್ಪ ಸಂಕೋಚಕ್ಕೆ ಒಂದು ನೀಲಿ ಹರಳು ಕೊಂಡರು. ಊರಿಗೆ ಬಂದು ತೋರಿಸಿದರೆ ಕೊಟ್ಟ ದುಡ್ಡಿನ ಹತ್ತರಲ್ಲಿ ಒಂದು ಪಾಲೂ ಬೆಲೆ ಇರಲಿಲ್ಲ. ದುಡ್ಡಿಗಿಂತ ಅಪ್ಪನ ಮುಖ ನೋಡಲು ಆಗಲಿಲ್ಲ.

ಅರಮನೆ ಬೆಳಗ್ಗೆ 8:30ಕ್ಕೆ ತೆರೆಯುತ್ತದೆ, ಟಿಕೆಟ್ ಕೊಡುವುದು ಮಧ್ಯಾಹ್ನ 3:30ರ ತನಕ. ರಾಜಮನೆತನದ ಕಾರ್ಯಕ್ರಮ ಇದ್ದರೆ ಮಾತ್ರ ಬದಲಾವಣೆ, ಅದನ್ನು ಅವರ ಸೈಟ್‌ನಲ್ಲೇ ಹಾಕುತ್ತಾರೆ. ಯಾರು ಏನೇ ಹೇಳಲಿ, ಗೇಟಿನ ತನಕ ಹೋಗಿ ನಿಮ್ಮ ಕಣ್ಣಲ್ಲೇ ನೋಡಿ.

ಸಿಲೋಮ್ ಕನ್ನಡಿಗ:

ತಿಪಟೂರಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿ ನನ್ನ ಪರಿಚಯದವರಲ್ಲೇ ನಾಲ್ಕು ಕುಟುಂಬಕ್ಕೆ ಆಗಿದೆ.

ಓಡಾಟದ ಲೆಕ್ಕ ಕೊಡುತ್ತೇನೆ. ಇಳಿದ ದಿನ ಅಮ್ಮನವರ ಜೊತೆ ರೈಲು ಬೇಡ, ಮೀಟರ್ ಟ್ಯಾಕ್ಸಿ ಹಿಡಿಯಿರಿ. ಏರ್‌ಪೋರ್ಟ್‌ನ ಟ್ಯಾಕ್ಸಿ ಸಾಲಿನಲ್ಲಿ ಮೆಷಿನ್ ಚೀಟಿ ಕೊಡುತ್ತದೆ. ಮೀಟರ್ 35 ಬಾತ್‌ನಿಂದ ಶುರು. ಏರ್‌ಪೋರ್ಟ್ ಶುಲ್ಕ 50, ಎಕ್ಸ್‌ಪ್ರೆಸ್‌ವೇ ಟೋಲ್ ಬೇರೆ. ಸಿಲೋಮ್‌ಗೆ 400 ಬಾತ್ ಆಸುಪಾಸು ಆಗುತ್ತದೆ.

ಅರಮನೆಗೆ ಮೆಟ್ರೋದಲ್ಲೂ ಹೋಗಬಹುದು, ಸಿ ಲೋಮ್ ಸ್ಟೇಷನ್‌ನಿಂದ ಐದನೆಯದೇ ಸನಾಮ್ ಚಾಯ್. ಆದರೆ ಅದು ವಾಟ್ ಪೋಗೆ ಹತ್ತಿರ. ಅರಮನೆಯ ಬಾಗಿಲು ಆ ಕಡೆಯ ಮೂಲೆಯಲ್ಲಿದೆ, ಗೋಡೆಯ ಸುತ್ತ ಬಿಸಿಲಲ್ಲಿ ನಡೆಯಬೇಕು. ಬೋಟ್‌ನಲ್ಲಿ ಹೋಗಿ ತಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ಬಾಗಿಲು ಹತ್ತಿರ. ಕಿತ್ತಳೆ ಬಾವುಟದ ಬೋಟ್‌ಗೆ 16 ಬಾತ್. ಅದು ಕಟ್ಟೆಯಲ್ಲಿ ಕೆಲವೇ ಕ್ಷಣ ನಿಲ್ಲುತ್ತದೆ, ಅಲೆಗೆ ಅಲುಗಾಡುತ್ತಿರುತ್ತದೆ. ಅಮ್ಮನವರಿಗೆ ನೀಲಿ ಬಾವುಟದ ಪ್ರವಾಸಿ ಬೋಟ್ ಒಳ್ಳೆಯದು. ದುಡ್ಡು ಜಾಸ್ತಿ, ಆದರೆ ಹತ್ತಿ ಇಳಿಯಲು ಆತುರ ಇಲ್ಲ.

ಅರಮನೆ ಟಿಕೆಟ್ 500 ಬಾತ್. ವಾಟ್ ಪೋ 300. ವಾಟ್ ಅರುಣ್ 200, ಆದರೆ ಅದರ ಮೆಟ್ಟಿಲು ತುಂಬಾ ಕಡಿದು. ಅದನ್ನು ನದಿಯ ಈ ದಡದಿಂದ ಸಂಜೆ ನೋಡಿ, ಚಿನ್ನದ ಬಣ್ಣ ಬರುತ್ತದೆ. ಅರುಣ ನಮ್ಮ ಸೂರ್ಯನ ಸಾರಥಿಯೇ.

ಸೀರೆ, ಚೂಡಿದಾರ್‌ಗೆ ಎಲ್ಲೂ ತೊಂದರೆ ಇಲ್ಲ. ಭುಜ, ಮೊಣಕಾಲು ಮುಚ್ಚಿರಬೇಕು ಅಷ್ಟೇ. ಬುದ್ಧನ ಮುಂದೆ ಕೂತಾಗ ಕಾಲು ಅವನ ಕಡೆ ಚಾಚಬಾರದು. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ರೈಲಿನಲ್ಲೂ ಪಕ್ಕ ಕೂರುವುದಿಲ್ಲ. ಬೆಳಗ್ಗೆ 8, ಸಂಜೆ 6ಕ್ಕೆ ಸ್ಟೇಷನ್, ಪಾರ್ಕ್‌ಗಳಲ್ಲಿ ರಾಷ್ಟ್ರಗೀತೆ ಬರುತ್ತದೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ.

ಶನಿವಾರಕ್ಕೆ ಒಂದು ಸಲಹೆ. ಬೆಂಜಕಿತ್ತಿ ಪಾರ್ಕ್. ಹಳೆಯ ತಂಬಾಕು ಕಾರ್ಖಾನೆಯ ಜಾಗದಲ್ಲಿ ಕಾಡು ಬೆಳೆಸಿ 2022ರಲ್ಲಿ ತೆರೆದರು. ನೀರಿನ ಮೇಲೆ ನಡೆಯುವ ಹಾದಿ ಇದೆ. ನನ್ನ ಅಮ್ಮ ಇಲ್ಲಿ ಬಂದಾಗಲೆಲ್ಲ ದಿನಾ ಅಲ್ಲಿಗೇ ಹೋಗಬೇಕು ಅನ್ನುತ್ತಾರೆ.

ಹಾಸನದ ಮೇಷ್ಟ್ರು:

ಅಯುತ್ಥಯದ ವಿಚಾರದಲ್ಲಿ ನನ್ನ ಮಾತು ಹಿಂದೆ ತೆಗೆದುಕೊಂಡೆ. ಮಂಡಿ ನೋವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಂಗಾರದ ಬುದ್ಧನಿಗೂ ಮೆಟ್ಟಿಲು ಇದೆ, ಹೊರಗಿನಿಂದಲೇ ನೋಡಿ. ಆದರೆ ಕಥೆ ಅಮ್ಮನಿಗೆ ಹೇಳಿ. ಅದು ಗಾರೆಯ ಮೂರ್ತಿ ಎಂದೇ ಎಲ್ಲರೂ ತಿಳಿದಿದ್ದರು. 1955ರಲ್ಲಿ ಜಾಗ ಬದಲಿಸುವಾಗ ಹಗ್ಗ ತುಂಡಾಗಿ ಬಿತ್ತು, ಗಾರೆ ಬಿರುಕು ಬಿಟ್ಟಿತು. ಒಳಗೆ ಐದೂವರೆ ಟನ್ ತೂಕದ ಚಿನ್ನ.

ಕೊಪ್ಪದ ಮಗಳು:

ಹೋಗಿ ಬಂದೆವು! ನಿಮಗೆಲ್ಲ ವರದಿ ಒಪ್ಪಿಸದೆ ಇರಲು ಆಗಲಿಲ್ಲ.

ಗುರುವಾರ ಕಷ್ಟ ಆಯಿತು. ಬೆಳಗ್ಗೆ ಬೇಗ ರೂಮ್ ಬೇಕು ಅಂತ ಮೊದಲೇ ಬರೆದಿದ್ದೆ, ಹೋಟೆಲ್‌ನವರು ಆಗಲಿ ಅಂದಿದ್ದರು. ಹೋದರೆ ರೂಮ್ ಇಲ್ಲ. ಮಧ್ಯಾಹ್ನ 2ರ ತನಕ ಕೆಳಗಿನ ಸೋಫಾದಲ್ಲೇ ಅಮ್ಮ ಕೂತಿದ್ದರು. ನಿದ್ದೆ ಇಲ್ಲ, ಕಾಲು ಊದಿತ್ತು. ಮುಂದೆ ಹೋಗುವವರು ಹಿಂದಿನ ರಾತ್ರಿಯಿಂದಲೇ ರೂಮ್ ಬುಕ್ ಮಾಡಿ. ಒಂದು ದಿನದ ದುಡ್ಡು ಜಾಸ್ತಿ ಆದರೂ ವಯಸ್ಸಾದವರಿಗೆ ಇಳಿದ ಕೂಡಲೇ ಹಾಸಿಗೆ ಬೇಕು. ಸಂಜೆ ಮಾರಿಯಮ್ಮನ ಗುಡಿಗೆ ಹೋದೆವು. ಥಾಯ್ ಹುಡುಗ ಹುಡುಗಿಯರು ಚೆಂಡು ಹೂವಿನ ಹಾರ ಹಿಡಿದು ಸಾಲಿನಲ್ಲಿ ನಿಂತಿದ್ದರು. ಅಮ್ಮ ಅವರ ಹಿಂದೆ ನಿಂತು ಕೈ ಮುಗಿದರು. ಮೊಸರನ್ನವೂ ಸಿಕ್ಕಿತು.

ಶುಕ್ರವಾರ ನೀಲಿ ಬೋಟ್‌ನಲ್ಲಿ ಹೋದೆವು. ಇಳಿಯುವಾಗ ಹಗ್ಗ ಕಟ್ಟುವ ಹುಡುಗ ಏನೂ ಹೇಳದೆ ಅಮ್ಮನ ಕೈ ಹಿಡಿದುಕೊಂಡ. ಎರಡೂ ಕಾಲು ನೆಲಕ್ಕೆ ಊರುವ ತನಕ ಬಿಡಲಿಲ್ಲ.

ಅರಮನೆಯಲ್ಲಿ ಬೆಳಗ್ಗೆಯೇ ಜನ. ಪಚ್ಚೆ ಬುದ್ಧನನ್ನು ನೋಡಿದೆವು. ಚಿಕ್ಕ ಮೂರ್ತಿ, ಸುಮಾರು ಎರಡು ಅಡಿ. ವರ್ಷಕ್ಕೆ ಮೂರು ಸಲ, ಬೇಸಿಗೆ ಮಳೆ ಚಳಿ ಅಂತ, ರಾಜರೇ ವಸ್ತ್ರ ಬದಲಿಸುತ್ತಾರೆ ಅಂದಾಗ ಅಮ್ಮನಿಗೆ ಬಹಳ ಇಷ್ಟವಾಯಿತು. ಆಮೇಲೆ ಗೋಡೆ. ಎರಡು ಗಂಟೆ ಇಪ್ಪತ್ತು ನಿಮಿಷ ಅಲ್ಲಿದ್ದೆವು. ಅಮ್ಮನಿಗೆ ನಾನು ವಿವರಿಸಬೇಕು ಅಂದುಕೊಂಡಿದ್ದೆ. ಆದದ್ದು ಬೇರೆ. ಅಮ್ಮನೇ ನನಗೆ ಹೇಳುತ್ತಾ ಹೋದರು. ಇವನು ಕುಂಭಕರ್ಣ, ನೋಡು. ಇದು ಇಂದ್ರಜಿತುವಿನ ಬಾಣ. ಇಲ್ಲಿ ಸೇತುವೆ. ಒಂದೇ ಗೋಡೆಯ ಮೇಲೆ ಒಂದೇ ಮನುಷ್ಯ ಮೂರು ಕಡೆ ಇರುತ್ತಾನೆ, ಕಥೆ ಮುಂದೆ ಹೋದ ಹಾಗೆ. ನನಗೆ ಅದು ತಿಳಿಯಲು ಹೊತ್ತು ಹಿಡಿಯಿತು, ಅಮ್ಮನಿಗೆ ಕೂಡಲೇ ತಿಳಿಯಿತು.

ಮೈರಾವಣನ ಚಿತ್ರ ಸಿಕ್ಕಿತು ಕರಾವಳಿ ಅಣ್ಣ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮಲ್ಲಿ ಹನುಮಂತ ಬಾಲದಲ್ಲಿ ಕೋಟೆ ಕಟ್ಟುತ್ತಾನೆ, ಇವರಲ್ಲಿ ಬಾಯಲ್ಲೇ ಇಟ್ಟುಕೊಂಡಿದ್ದಾನೆ ಅಂದರು. ಸ್ವಲ್ಪ ತಡೆದು, "ನಿಮ್ಮಪ್ಪಂಗೆ ತೋರಿಸಬೇಕಿತ್ತು" ಅಂದರು. ಅಪ್ಪನ ಜೊತೆ ಮೊದಲು ನೋಡಿದ ಆಟ ಮೈರಾವಣನದ್ದಂತೆ. ಇಷ್ಟು ವರ್ಷ ನನಗೆ ಇದು ಗೊತ್ತಿರಲಿಲ್ಲ.

ಸಂಜೆ ವಾಟ್ ಪೋ. ಮಲಗಿರುವ ಬುದ್ಧ 46 ಮೀಟರ್ ಉದ್ದ. ಪಾದದಲ್ಲಿ ಮುತ್ತಿನ ಚಿಪ್ಪಿನಿಂದ ಮಾಡಿದ 108 ಚಿಹ್ನೆ. 108 ಕಂಚಿನ ಬಟ್ಟಲು ಸಾಲಾಗಿ ಇಟ್ಟಿದ್ದಾರೆ, ಒಂದೊಂದಕ್ಕೂ ಒಂದು ನಾಣ್ಯ. ಅಮ್ಮ ಒಂದೂ ಬಿಡದೆ ಹಾಕಿದರು. ಆ ಟಿಣ್ ಟಿಣ್ ಶಬ್ದ ಇನ್ನೂ ಕಿವಿಯಲ್ಲಿದೆ. ಅಲ್ಲೇ ಕಾಲು ಒತ್ತುವ ಜಾಗವೂ ಇದೆ. ಮಂಡಿ ಮುಟ್ಟಬೇಡಿ ಅಂತ ಹೇಳಿ ಪಾದ ಮಾತ್ರ ಒತ್ತಿಸಿದೆ.

ಶನಿವಾರ ಬೆಂಜಕಿತ್ತಿ, ರಾತ್ರಿ ಚೈನಾಟೌನ್. ಒಂದು ಕಡೆ ಜೇ ಅಂತ ಹೇಳಲು ಮರೆತೆ, ಸೊಪ್ಪಿನ ಪಲ್ಯ ಮೀನಿನ ವಾಸನೆ ಬಂತು. ಫೋನ್ ತೋರಿಸಿದೆ. ಅಂಗಡಿಯ ಅಜ್ಜಿ ತಟ್ಟೆ ತೆಗೆದುಕೊಂಡು, ಬಾಣಲೆ ತೊಳೆದು ಮತ್ತೆ ಮಾಡಿಕೊಟ್ಟರು. ದುಡ್ಡು ಒಂದು ಸಲದ್ದೇ ತೆಗೆದುಕೊಂಡರು. ಭಾನುವಾರ ಚಟುಚಕ್ ಬಿಟ್ಟು ಅದರ ಎದುರಿನ ಓರ್ ತೋರ್ ಕೋರ್ ಹಣ್ಣಿನ ಮಾರುಕಟ್ಟೆಗೆ ಮಾತ್ರ ಹೋದೆವು. ಕ್ರೂಸ್ ಮಾಡಲಿಲ್ಲ, ಬೇಕು ಅಂತಲೂ ಅನಿಸಲಿಲ್ಲ.

ವಾಪಸ್ ಬರುವಾಗ ಏರ್‌ಪೋರ್ಟ್‌ನಲ್ಲಿ ಪಾಸ್‌ಪೋರ್ಟ್ ಸಾಲು ದಾಟಿದ ಮೇಲೆ ದೊಡ್ಡ ಸಮುದ್ರಮಥನ ಇದೆ. ವಾಸುಕಿ, ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು. ಅಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿಯೇ ಗೇಟಿಗೆ ಬಂದರು.

ಕರಾವಳಿ ಚಂಡೆ:

ಓದಿ ಮನಸ್ಸು ತುಂಬಿತು ತಂಗಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ಗದಗ ಗಾಡಿ:

ಮಾರ್ಚ್‌ನಲ್ಲಿ ನಾನೂ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಅವರಿಗೂ ಕಥೆ ಕೇಳುವುದು ಅಂದರೆ ಆಸೆ. ಆ ಗೋಡೆಯಲ್ಲಿ ಕಥೆ ಎಲ್ಲಿಂದ ಶುರು ಆಗುತ್ತದೆ? ಗುರುತು ಹೇಳಿ ಅಕ್ಕ.

ಕೊಪ್ಪದ ಮಗಳು:

ಉತ್ತರದ ಬಾಗಿಲ ಹತ್ತಿರ, ವಿಹಾನ್ ಯೋತ್ ಅನ್ನುವ ಕಟ್ಟಡದ ಎದುರು ಮೊದಲನೇ ಚಿತ್ರ. ಸೀತೆ ಸಿಗುವುದು ಅಲ್ಲೇ. ಅಲ್ಲಿಂದ ಪ್ರದಕ್ಷಿಣೆ ಹಾಕಿದ ಹಾಗೇ ಕಥೆ ಮುಂದೆ ಹೋಗುತ್ತದೆ. ಕಾವಲಿನವರಿಗೆ "ರಾಮಕಿಯೆನ್" ಅಂದರೆ ಸಾಕು, ಕೈ ತೋರಿಸುತ್ತಾರೆ. ಮಾರ್ಚ್‌ನಲ್ಲಿ ಬಿಸಿಲು ಇನ್ನೂ ಜಾಸ್ತಿ ಇರುತ್ತದೆ. 8:30ಕ್ಕೆ ಗೇಟಿನ ಮುಂದೆ ಇರಿ, ಮೊದಲು ಗೋಡೆ ನೋಡಿ, ಬುದ್ಧನನ್ನು ಆಮೇಲೆ ನೋಡಿ. ಅಪ್ಪನಿಗೆ ಮಡಚುವ ಸ್ಟೂಲ್ ಒಂದು ಸಿಕ್ಕರೆ ತೆಗೆದುಕೊಂಡು ಹೋಗಿ. ನಮಗೆ ಅದೊಂದು ಇದ್ದಿದ್ದರೆ ಇನ್ನೂ ಒಂದು ಗಂಟೆ ಅಲ್ಲೇ ಇರುತ್ತಿದ್ದೆವು.